10 ಗ್ಯಾಲನ್ ಪಾತ್ರೆ ತಂದ ಮೇಲೆ ಬಿಯರಿಗೆ ಕಹಿ ಬಂತು

ಎಂಟು ತಿಂಗಳಿಂದ ಬಳಸುತ್ತಿರುವ ಒಂದು ಸ್ಟೀಲ್ ಪಾತ್ರೆಯ ಬಗ್ಗೆ ಬರೆಯುತ್ತಿದ್ದೇನೆ. 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಹಿಡಿಯುತ್ತದೆ, ಕೆಳಗೆ ನಲ್ಲಿ ಇದೆ. ಜೊತೆಗೆ ಅಂಗಳದಲ್ಲಿ ಇಟ್ಟು ಉರಿಸುವ ಪ್ರೊಪೇನ್ ಒಲೆಯನ್ನೂ ಕೊಂಡೆ. ಎರಡನ್ನೂ ತಂದಿದ್ದು ಮನೆಯಲ್ಲಿ ಬಿಯರ್ ಮಾಡುವುದಕ್ಕೇ. ನಾನಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಇಲ್ಲಿ ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ನಮ್ಮೂರಲ್ಲಿ, ಅಂದರೆ ಕರ್ನಾಟಕದಲ್ಲಿ, ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ, ಅದು ನೆನಪಿರಲಿ.

ಮೊದಲು ತಂದಿದ್ದು ಹೊಸಬರಿಗೆ ಅಂತ ಮಾರುವ ಒಂದು ಕಿಟ್. ಅದರ ಪಾತ್ರೆ ಚಿಕ್ಕದು. 9.5 ಲೀಟರ್ ನೀರಿಗೆ 2.6 ಕೆಜಿ ಮಾಲ್ಟ್ ಪುಡಿ (ಮೊಳಕೆ ಬಾರ್ಲಿಯಿಂದ ತೆಗೆದ ಸಿಹಿ ಪುಡಿ) ಪೂರ್ತಿ ಸುರಿದು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಜೊತೆ ಒಂದು ಗಂಟೆ ಕುದಿಸಿ, ಆಮೇಲೆ ತಣ್ಣೀರು ಬೆರೆಸಿ 19 ಲೀಟರ್ ಮಾಡಬೇಕು ಅಂತ ಚೀಟಿಯಲ್ಲಿ ಇತ್ತು. ಹಾಗೇ ಮಾಡಿದೆ. ಮೂರು ಸಲ ಮಾಡಿದರೂ, ತಿಳಿ ಬಣ್ಣ ಮತ್ತು ಕಹಿ ಇರಬೇಕಾದ ಪೇಲ್ ಏಲ್ ಬಿಯರ್ ಸಿಹಿಯಾಗಿ, ಬಣ್ಣ ಕಪ್ಪಾಗಿ ಬಂತು. ನನ್ನ ಹೆಂಡತಿಯ ತಮ್ಮ ಒಂದು ಗುಟುಕು ಕುಡಿದು, "ಭಾವ, ಚೆನ್ನಾಗಿದೆ, ಆದ್ರೆ ಕಹಿನೇ ಇಲ್ವಲ್ಲ?" ಅಂದ. ಸರಿಯಾಗಿಯೇ ಹೇಳಿದ್ದ.

ಕಹಿ ಯಾಕೆ ಬರಲಿಲ್ಲ ಅನ್ನುವುದು ಅರ್ಥವಾದ ಮೇಲೇ ಈ ಪಾತ್ರೆಗೆ ದುಡ್ಡು ಹಾಕಿದ್ದು. ಇಲ್ಲಿಂದ ಎರಡು ಮೂರು ಗಂಟೆ ಡ್ರೈವ್ ಮಾಡಿದರೆ ಯಾಕಿಮಾ ಕಣಿವೆ, ಅಮೆರಿಕದ ಹಾಪ್ಸ್‌ನ ದೊಡ್ಡ ಪಾಲು ಬೆಳೆಯುವ ಜಾಗ. ಸೆಪ್ಟೆಂಬರ್ ಕೊಯ್ಲಿನಲ್ಲಿ ಹೋದಾಗ ಒಂದು ಹಸಿ ಹೂವನ್ನು ಬಿಡಿಸಿ ಅಂಗೈಯಲ್ಲಿ ಉಜ್ಜಿದೆ. ಎಸಳುಗಳ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ, ಬೆರಳಿಗೆ ಜಿಗುಟು, ಕಿತ್ತಳೆ ಸಿಪ್ಪೆಯ ವಾಸನೆ. ಆ ಪುಡಿಯಲ್ಲಿರುವ ಆಲ್ಫಾ ಆಮ್ಲ ಹಾಗೇ ಹಾಕಿದರೆ ಸರಿಯಾಗಿ ಕರಗುವುದಿಲ್ಲ. ಕುದಿಯುವ ಬಿಸಿಗೆ ಅದರ ರೂಪ ಬದಲಾಗಬೇಕು, ಆಗಲೇ ಬಿಯರಿಗೆ ಕಹಿ ಇಳಿಯುತ್ತದೆ. ಆದರೆ ನೀರು ಗಟ್ಟಿ ಸಿಹಿ ಪಾಕದಂತಿದ್ದರೆ ಕಹಿ ಕಡಿಮೆ ಇಳಿಯುತ್ತದೆ.

ಎಷ್ಟು ಕಡಿಮೆ ಅಂತ ಹೇಳುತ್ತೇನೆ. 6% ಆಲ್ಫಾ ಇರುವ ಕ್ಯಾಸ್ಕೇಡ್ ತಳಿಯ ಹಾಪ್ಸ್ 56 ಗ್ರಾಂ ಹಾಕಿ 60 ನಿಮಿಷ ಕುದಿಸಿದಿರಿ ಅಂದುಕೊಳ್ಳಿ. ಮನೆಯಲ್ಲಿ ಬಿಯರ್ ಮಾಡುವವರು ಜಾಸ್ತಿ ಬಳಸುವ ಟಿನ್ಸೆತ್ ಸೂತ್ರದ ಪ್ರಕಾರ, ಪೂರ್ತಿ ನೀರಿನಲ್ಲಿ ಕುದಿಸಿದರೆ ಸುಮಾರು 41 ಐಬಿಯು ಕಹಿ (ಐಬಿಯು ಅಂದರೆ ಬಿಯರಿನ ಕಹಿ ಅಳೆಯುವ ಮಾನ). ಅದೇ ಮಾಲ್ಟು, ಅದೇ ಹಾಪ್ಸು, ಅರ್ಧ ನೀರಿನಲ್ಲಿ ಕುದಿಸಿ ಆಮೇಲೆ ನೀರು ಬೆರೆಸಿದರೆ 26. ನಮ್ಮ ಕಿಟ್‌ನ ಚೀಟಿಯಲ್ಲಿ ಅರ್ಧ ನೀರಿನಲ್ಲಿ ಕುದಿಸಿ ಅಂತ ಹೇಳಿ, ಕಹಿಯನ್ನು ಮಾತ್ರ ಪೂರ್ತಿ ನೀರಿನಲ್ಲಿ ಕುದಿಸುವ ಲೆಕ್ಕದಲ್ಲಿ ಬರೆದಿದ್ದರು. ಹೊಸಬರಿಗೆ ಇದು ಹೇಗೆ ಗೊತ್ತಾಗಬೇಕು? ನನಗೆ ನಿಜವಾಗಿ ಬೇಜಾರಾಯಿತು.

ಈಗ ಪಾತ್ರೆಯ ವಿಷಯ. ಆವಿಯಾಗಿ ಹೋಗುವುದನ್ನೂ ಸೇರಿಸಿ 25 ಲೀಟರ್ ನೀರಿನಿಂದ ಶುರು ಮಾಡುತ್ತೇನೆ. ಹಾಲು ಉಕ್ಕುವ ಹಾಗೆ ಇದೂ ಮೊದಲ ಕುದಿಗೆ ನೊರೆಯೆದ್ದು ಮೇಲೇಳುತ್ತದೆ. ಚಿಕ್ಕ ಪಾತ್ರೆಯಲ್ಲಿ ಒಂದು ಕ್ಷಣ ಕಣ್ಣು ತಪ್ಪಿದರೆ ಒಲೆಯ ಮೇಲೆಲ್ಲಾ ಅಂಟು ಪಾಕ. ಇದರಲ್ಲಿ ಮೇಲೆ ಧಾರಾಳವಾಗಿ ಜಾಗ ಇರುವುದರಿಂದ ಒಂದು ಸಲವೂ ಉಕ್ಕಿಲ್ಲ. ತಳ ದಪ್ಪ, ಮಾಲ್ಟ್ ಸೀದಿಲ್ಲ. ಒಳಗಡೆ ಗ್ಯಾಲನ್ ಗೆರೆ ಕೊರೆದಿದ್ದಾರೆ, ಲೀಟರ್ ಗೆರೆ ಇಲ್ಲ. ಅದೇ ಪೇಲ್ ಏಲ್ ಇದರಲ್ಲಿ ಕುದಿಸಿದಾಗ ಬಣ್ಣ ತಿಳಿಯಾಗಿ ಬಂತು, ಕೊನೆಯಲ್ಲಿ ನಾಲಿಗೆಯ ಹಿಂಬದಿಗೆ ಕಹಿ ಗಟ್ಟಿಯಾಗಿ ಹತ್ತಿತು. ಭಾವಮೈದ ಎರಡನೇ ಲೋಟ ಕೇಳಿದ.

ತೊಂದರೆಗಳೂ ಇವೆ. ತುಂಬಿದ ಪಾತ್ರೆಯನ್ನು ಒಬ್ಬರೇ ಎತ್ತಲು ಹೋಗಬೇಡಿ, ನಲ್ಲಿಯಿಂದಲೇ ಇಳಿಸಿ. ಪ್ರೊಪೇನ್ ಒಲೆಯನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ ಹಚ್ಚಲೇಬಾರದು, ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಸಿಯಾಟಲ್ ಮಳೆಯಲ್ಲಿ ಹೊರಗೆ ನಿಂತು ಕುದಿಸುವುದು ಕಷ್ಟ. ಒಂದು ಸಿಲಿಂಡರ್ ನನಗೆ ನಾಲ್ಕು ಸಲಕ್ಕೆ ಬರುತ್ತದೆ. ಇನ್ನೊಂದು ಖರ್ಚು ಅಂಗಡಿಯವರು ಹೇಳುವುದಿಲ್ಲ: ಮೊದಲಾದರೆ ತಣ್ಣೀರು ಸುರಿದರೆ ಅರ್ಧ ತಣಿಯುತ್ತಿತ್ತು, ಈಗ ಬೆರೆಸಲು ನೀರೇ ಇಲ್ಲವಲ್ಲ, ಹಾಗಾಗಿ ಒಳಗೆ ಇಳಿಬಿಟ್ಟು ನಲ್ಲಿ ನೀರು ಹರಿಸುವ ತಾಮ್ರದ ಸುರುಳಿ ಬೇಕೇ ಬೇಕು.

ಎಲ್ಲರೂ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಕಹಿ ಕಡಿಮೆ ಇರುವ ಗೋಧಿ ಬಿಯರ್ ಇಷ್ಟಪಡುವವರಿಗೆ ಚಿಕ್ಕ ಪಾತ್ರೆ ಸಾಕು. ಪೇಲ್ ಏಲ್‌ಗೂ ಒಂದು ದಾರಿ ಇದೆ: ಮಾಲ್ಟ್ ಪುಡಿಯಲ್ಲಿ ಅರ್ಧವನ್ನು ಮಾತ್ರ ಮೊದಲು ಹಾಕಿ, ಉಳಿದದ್ದನ್ನು ಕೊನೆಯ 10 ನಿಮಿಷಕ್ಕೆ, ಉರಿ ಆರಿಸಿ ಕಲಕಿ ಮತ್ತೆ ಕುದಿಸಿ. ಪಾಕ ತೆಳುವಾಗಿರುವುದರಿಂದ ಲೆಕ್ಕದಲ್ಲಿ 41 ಐಬಿಯುವೇ ಸಿಗುತ್ತದೆ. ಆದರೆ 60 ಐಬಿಯುವಿನ ಐಪಿಎ, ಅಂದರೆ ಇನ್ನೂ ಕಹಿಯಾದ ಬಿಯರ್, ಬೇಕು ಅಂದರೆ ಈ ಉಪಾಯ ನಡೆಯುವುದಿಲ್ಲ. ಆಮೇಲೆ ನೀರು ಬೆರೆಸಿದಾಗ ಕಹಿ ಅರ್ಧವಾಗುವುದರಿಂದ ಅರ್ಧ ನೀರಿನಲ್ಲಿ 120 ಐಬಿಯು ಕಹಿ ಕರಗಬೇಕಾಗುತ್ತದೆ, ಸುಮಾರು 100 ದಾಟಿದ ಮೇಲೆ ಎಷ್ಟು ಹಾಪ್ಸ್ ಸುರಿದರೂ ಹೆಚ್ಚು ಕರಗುವುದಿಲ್ಲ. ನಮ್ಮ ಮನೆಯಲ್ಲಿ ಐಪಿಎ ಮೇಲೇ ಆಸೆ, ಅದಕ್ಕೇ ಇಷ್ಟು ದೊಡ್ಡದು ತಂದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ನಲ್ಲಿಗೆ: ಎರಡನೇ ತಿಂಗಳಲ್ಲೇ ತೊಟ್ಟಿಕ್ಕಲು ಶುರುವಾಯಿತು. ಬಿಚ್ಚಿ ನೋಡಿದರೆ ಒಳಗೆ ಹಾಪ್ಸ್ ಚರಟ ಕಟ್ಟಿ ವಾಷರ್ ಕೆಟ್ಟಿತ್ತು. ಹೊಸ ಸಿಲಿಕೋನ್ ವಾಷರ್ ಹಾಕಿದ್ದೇನೆ, ಈಗ ಪ್ರತಿ ಸಲವೂ ಬಿಚ್ಚಿ ತೊಳೆಯುತ್ತೇನೆ.