ಒಂದೇ ದಿಮ್ಮಿಯಲ್ಲಿ ಕೆತ್ತಿದ ಹಲಸಿನ ಬೆಂಚು: ಮಳೆಗಾಲ, ಬೇಸಿಗೆ ಎರಡನ್ನೂ ಕಂಡ ಮೇಲೆ

ಸಿದ್ದಾಪುರ ತಾಲ್ಲೂಕಿನ ಒಂದು ಸಣ್ಣ ಮರಗೆಲಸದ ಕಾರ್ಯಾಗಾರದಲ್ಲಿ ಹಲಸಿನ ದಿಮ್ಮಿಯೊಂದನ್ನು ಕೆತ್ತಿ ಮಾಡಿದ ಐದಡಿ ಉದ್ದದ ಬೆಂಚು ಬೆಂಗಳೂರಿನ ನಮ್ಮ ಮನೆಯ ಪಡಸಾಲೆಗೆ ಬಂದು, ಈಗ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ದಾಟಿದೆ. ಮರ ಒಣಗುವಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದಲೇ ಇಂಥ ಪೀಠೋಪಕರಣದ ಯೋಗ್ಯತೆ ತಿಳಿಯುವುದರಿಂದ, ಅಭಿಪ್ರಾಯ ಬರೆಯಲು ಇಷ್ಟು ಕಾಲ ಕಾದೆ.

ಬೆಂಚಿನಲ್ಲಿ ಮೊಳೆಯಿಲ್ಲ, ಅಂಟಿಲ್ಲ, ಕೂಡಿಸಿದ ಜಾಗವಿಲ್ಲ. ಮಲಗಿಸಿದ ದಿಮ್ಮಿಯ ಮೇಲ್ಭಾಗವನ್ನು ಸಮತಟ್ಟು ಮಾಡಿ ಆಸನವಾಗಿಸಿ, ಕೆಳಗಿನಿಂದ ನಡುಭಾಗವನ್ನು ಕಮಾನಿನಂತೆ ತೋಡಿ ತೆಗೆದು, ಎರಡು ತುದಿಗಳಲ್ಲಿ ಉಳಿದ ದಪ್ಪ ಮರವನ್ನೇ ಕಾಲುಗಳಾಗಿ ಬಿಟ್ಟಿದ್ದಾರೆ. ಮಲೆನಾಡಿಗೆ ಈ ವಿದ್ಯೆ ಹೊಸದಲ್ಲ. ಅಡಿಗೆಮನೆಯ ಮರಿಗೆಯನ್ನೂ ಹೊಳೆ ದಾಟುವ ದೋಣಿಯನ್ನೂ ನಮ್ಮ ಹಿರಿಯರು ಹೀಗೆಯೇ ತೋಡುತ್ತಿದ್ದರು. ತಂಜಾವೂರಿನಲ್ಲಿ ಒಂದೇ ಹಲಸಿನ ಮರದಿಂದ ಕೊರೆಯುವ ಏಕಾಂಡ ವೀಣೆಯೂ ಇದೇ ಕುಲಕ್ಕೆ ಸೇರಿದ್ದು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯಲ್ಲಿರುವ ನವುರನ್ನು ಇಲ್ಲಿ ಯಾರೂ ನಿರೀಕ್ಷಿಸಬಾರದು. ಚೈನ್ ಗರಗಸದಿಂದ ಸ್ಥೂಲ ಆಕಾರ ತಂದು, ಆಮೇಲೆ ಬಾಚಿ ಮತ್ತು ಉಳಿಗಳಿಂದ ಮುಗಿಸಿದ ಕೆಲಸವಿದು. ಕಮಾನಿನ ಒಳಮೈಯಲ್ಲಿ ಬಾಚಿಯ ಏಟುಗಳ ಗುರುತನ್ನು ಉಜ್ಜದೆ ಹಾಗೆಯೇ ಉಳಿಸಿರುವುದು ನನಗೆ ಬಹಳ ಹಿಡಿಸಿತು.

ಇಡೀ ದಿಮ್ಮಿಯ ಪೀಠೋಪಕರಣಕ್ಕೆ ದೊಡ್ಡ ಶತ್ರು ಸೀಳು. ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವ ಪ್ರಮಾಣವು, ದಿಮ್ಮಿಯ ನಟ್ಟನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವ ಪ್ರಮಾಣದ ಸುಮಾರು ಎರಡು ಪಟ್ಟು ಇರುತ್ತದೆ. ಹಲಗೆಯಾದರೆ ಬಾಗಿ ಆ ಒತ್ತಡವನ್ನು ಕಳೆದುಕೊಳ್ಳುತ್ತದೆ; ತಿರುಳನ್ನು ಒಡಲಲ್ಲಿಟ್ಟುಕೊಂಡ ದಿಮ್ಮಿಗೆ ಆ ದಾರಿ ಇಲ್ಲದ್ದರಿಂದ ಅದು ಎಲ್ಲಾದರೂ ಒಂದು ಕಡೆ ಬಿರಿಯಲೇಬೇಕು. ಎಲ್ಲಿ ಬಿರಿಯಬೇಕು ಎಂಬುದನ್ನು ಮೊದಲೇ ನಿರ್ಧರಿಸುವುದರಲ್ಲಿ ಬಡಗಿಯ ಜಾಣ್ಮೆಯಿದೆ. ಈ ಬೆಂಚಿನಲ್ಲಿ ಕಮಾನನ್ನು ದಿಮ್ಮಿಯ ನಡುಮಟ್ಟಕ್ಕಿಂತ ಮೇಲಿನವರೆಗೂ ತೋಡಿರುವುದರಿಂದ ನಡುಭಾಗದ ತಿರುಳೆಲ್ಲ ಹೊರಬಿದ್ದಿದೆ. ತಿರುಳು ಉಳಿದಿರುವುದು ಎರಡು ಕಾಲುಗಳಲ್ಲಿ ಮಾತ್ರ. ಅಲ್ಲಿ ತಳದಿಂದ ತಿರುಳಿನವರೆಗೆ, ಬೆಂಚಿನ ಉದ್ದಕ್ಕೆ ಸಮನಾಗಿ, ಗರಗಸದಿಂದ ನೇರ ಗೀರೊಂದನ್ನು ಹಾಕಿದ್ದಾರೆ. ಮರ ಕುಗ್ಗಿದಂತೆಲ್ಲ ಆ ಗೀರು ಅಗಲವಾಗುತ್ತದೆ, ಆಸನದ ಮೇಲ್ಮೈಗೆ ಒತ್ತಡ ಮುಟ್ಟುವುದಿಲ್ಲ. ಮಲೆನಾಡಿನ ತೇವದಲ್ಲಿ ಬೆಳೆದು ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಬಂದ ಮರದಲ್ಲಿ ಇದನ್ನು ಕಣ್ಣಾರೆ ಕಂಡೆ: ಬೇಸಿಗೆಯಲ್ಲಿ ಕಾಲಿನ ಗೀರು ಎದ್ದು ಕಾಣುವಷ್ಟು ತೆರೆದುಕೊಂಡಿತು, ಆದರೆ ಆಸನದ ಒಂದು ತುದಿಯಲ್ಲಿ ಪೋಸ್ಟ್ ಕಾರ್ಡಿನ ಅಂಚೂ ತೂರದಷ್ಟು ಸಣ್ಣ ಬಿರುಕು ಬಿಟ್ಟರೆ ಬೇರೆ ಏನೂ ಆಗಲಿಲ್ಲ. ಆ ಜಾಗದಲ್ಲಿ ಮುಂಜಾಗ್ರತೆಯಾಗಿ ಡಮರುವಿನ ಆಕಾರದ ಬೀಟೆಯ ಬೆಣೆಯೊಂದನ್ನು ಅವರು ಮೊದಲೇ ಕೂರಿಸಿದ್ದರು, ಬಿರುಕು ಅದನ್ನು ದಾಟಿಲ್ಲ.

ಇದಕ್ಕೆ ಹಿನ್ನೆಲೆಯಾಗಿ ತಾಳ್ಮೆಯ ಒಣಗಿಸುವಿಕೆಯೂ ಇದೆ. ಒಂದಂಗುಲ ದಪ್ಪದ ಮರ ಗಾಳಿಯಲ್ಲಿ ಒಣಗಲು ಸರಿಸುಮಾರು ಒಂದು ವರ್ಷ ಬೇಕೆಂಬುದು ಮರಗೆಲಸದವರ ಹಳೆಯ ಲೆಕ್ಕ. ಇಡೀ ದಿಮ್ಮಿಗೆ ಅಷ್ಟು ವರ್ಷ ಕಾಯುವುದು ಆಗದ ಮಾತಾದ್ದರಿಂದ, ಹಸಿಯಿರುವಾಗಲೇ ಸ್ಥೂಲವಾಗಿ ತೋಡಿ, ಎರಡೂ ತುದಿಗಳಿಗೆ ಮೇಣ ಬಳಿದು, ನೆರಳಿನಲ್ಲಿ ಇಟ್ಟು, ತೆಳುವಾದ ಭಾಗ ಒಣಗಿದ ಮೇಲೆ ಕೊನೆಯ ಕೆತ್ತನೆ ಮಾಡುತ್ತಾರೆ. ಬೇಗ ಕೊಡಿ ಎಂದು ಗಿರಾಕಿಗಳು ಇವರನ್ನು ಅವಸರಪಡಿಸಬಾರದು.

ಹೊರಗಿನ ಬಿಳಿ ಮರವನ್ನು ಪೂರ್ತಿ ಕೆತ್ತಿ ತೆಗೆದು, ಒಳಗಿನ ಬಲಿತ ಮರವಾದ ಕೆಚ್ಚನ್ನು ಮಾತ್ರ ಉಳಿಸಿರುವುದು ಇನ್ನೊಂದು ಒಳ್ಳೆಯ ಅಂಶ, ಏಕೆಂದರೆ ಕೊರೆಯುವ ಹುಳುಗಳು ಮೊದಲು ಹಿಡಿಯುವುದು ಆ ಬಿಳಿ ಭಾಗವನ್ನೇ. ತೊಗಟೆಯ ಅಂಚನ್ನು ಅಲಂಕಾರಕ್ಕೆಂದು ಉಳಿಸಿ ಮಾರುವ ಮೇಜುಗಳು ನಗರದ ಅಂಗಡಿಗಳಲ್ಲಿ ಹೇರಳವಾಗಿವೆ. ನೋಡಲು ಚೆಂದವಾದರೂ ನಾನು ಅವನ್ನು ಕೊಳ್ಳಲಾರೆ. ಕಾಲಿನ ತಳಕ್ಕೆ ಗೇರೆಣ್ಣೆ, ಉಳಿದ ಮೈಗೆ ಅಗಸೆ ಎಣ್ಣೆ ಮತ್ತು ಜೇನುಮೇಣ ಹಚ್ಚಿದ್ದಾರೆ. ಬಂದಾಗ ಅರಿಸಿನದಂತಿದ್ದ ಮೈಬಣ್ಣ ಕಿಟಕಿಯ ಬೆಳಕಿಗೆ ಈಗ ಕೆಂಪುಕಂದಿಗೆ ತಿರುಗುತ್ತಿದೆ.

ಅದೇ ಕಾರ್ಯಾಗಾರದ ತೋಳುಕುರ್ಚಿಯನ್ನು ಮಾತ್ರ ನಾನು ಶಿಫಾರಸು ಮಾಡಲಾರೆ. ನಿಲ್ಲಿಸಿದ ದಿಮ್ಮಿಯಿಂದ ಕೆತ್ತುವ ಆ ಕುರ್ಚಿಯಲ್ಲಿ ಮರದ ಎಳೆಗಳು ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಬೆನ್ನಿನ ಭಾಗ ಗಟ್ಟಿಯಾಗಿರುತ್ತದೆ, ಆದರೆ ಮುಂದಕ್ಕೆ ಚಾಚಿದ ತೆಳ್ಳನೆಯ ತೋಳುಗಳು ಎಳೆಗೆ ಅಡ್ಡವಾಗಿ ಬರುತ್ತವೆ. ಎದ್ದೇಳುವಾಗ ಅವುಗಳ ಮೇಲೆ ಭಾರ ಹಾಕಿದರೆ ಎಳೆಯ ಜಾಡಿನಲ್ಲೇ ಮುರಿಯುವ ಸಾಧ್ಯತೆ ಹೆಚ್ಚು, ಮನೆಯಲ್ಲಿ ವಯಸ್ಸಾದವರಿದ್ದರೆ ಅದು ಅಪಾಯ. ಕುರ್ಚಿ ಬೇಕಾದವರು ತೋಳನ್ನು ಬೇರೆ ಮರದಲ್ಲಿ ಮಾಡಿಸಿ ಕೂಡಿಸಿಕೊಳ್ಳುವುದೇ ಲೇಸು. ಗಿಡ್ಡ ಕಾಲಿನ ಬೆಂಚು, ಮಣೆ, ದಪ್ಪ ಸ್ಟೂಲುಗಳಿಗೆ ಈ ತೊಂದರೆಯಿಲ್ಲ.

ಹಲಗೆ ಜೋಡಿಸಿ ಮಾಡಿದ ಅದೇ ಅಳತೆಯ ಹಲಸಿನ ಬೆಂಚಿಗಿಂತ ಇದರ ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಯಿತು, ಸಾಗಣೆ ವೆಚ್ಚ ಬೇರೆ. ದಿಮ್ಮಿಯ ಬಹುಭಾಗ ಚಕ್ಕೆಯಾಗಿ ಹೋಗುವುದನ್ನು ನೋಡಿದರೆ ಬೆಲೆ ಅನ್ಯಾಯವಲ್ಲ. ಎತ್ತಲು ನಾಲ್ಕು ಜನ ಬೇಕಾಗುವುದರಿಂದ, ಲಿಫ್ಟ್ ಇಲ್ಲದ ಮೇಲಂತಸ್ತಿನವರು ಮತ್ತು ಪದೇಪದೇ ಬಾಡಿಗೆ ಮನೆ ಬದಲಿಸುವವರು ಇದರ ಗೋಜಿಗೆ ಹೋಗದಿರುವುದು ಒಳಿತು. ಕೊಳ್ಳುವವರು ಮರದ ಮೂಲವನ್ನೂ ಕೇಳಲೇಬೇಕು: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಖಾಸಗಿ ಜಮೀನಿನ ಮರ ಕಡಿಯಲೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಈ ಕಾರ್ಯಾಗಾರದವರು ಗಾಳಿಗೆ ಉರುಳಿದ ತೋಟದ ಹಲಸಿನ ಅನುಮತಿ ಪತ್ರವನ್ನು ನಾನು ಕೇಳುವ ಮೊದಲೇ ತೋರಿಸಿ, ಅದರ ಪ್ರತಿಯನ್ನು ಬಿಲ್ಲಿನೊಂದಿಗೆ ಲಗತ್ತಿಸಿ ಕೊಟ್ಟರು.