ವಿಜಯನಗರದ ಕೋಚಿಂಗ್, ಮೊಬೈಲ್ ಆ್ಯಪ್, ದಾವಣಗೆರೆಯ ಗ್ರಂಥಾಲಯ: ಕೆಎಎಸ್ ಓದಿಗೆ ನನಗೆ ಒಗ್ಗಿದ್ದು ಯಾವುದು

ಡಿಗ್ರಿ, ಎಂಎ ಮುಗಿಸಿ ರಾಜ್ಯದ ಆಡಳಿತ ಸೇವೆಗೆ, ಅಂದರೆ ಕೆಎಎಸ್‌ಗೆ, ಹೋಗಬೇಕು ಅಂತಿರುವ ಹುಡುಗ ಹುಡುಗಿಯರು ದಾವಣಗೆರೆಯಲ್ಲಿ ಸಿಕ್ಕಾಗೆಲ್ಲ ಕೇಳುವುದು ಇದನ್ನೇ: "ಅಕ್ಕಾ, ಬೆಂಗಳೂರಿಗೆ ಹೋಗ್ಲಾ, ಆ್ಯಪ್ ತಗೊಂಡು ಇಲ್ಲೇ ಓದ್ಲಾ?" ಮೂರನ್ನೂ ನೋಡಿದವಳಾಗಿ ನನ್ನ ಉತ್ತರ ಮೊದಲೇ ಹೇಳುತ್ತೇನೆ. ಸರಿಯುತ್ತರ ಗುರುತಿಸುವ ಮೊದಲ ಹಂತ, ಪ್ರಿಲಿಮ್ಸ್‌ನ ಓದು ಎಲ್ಲಿ ಕೂತರೂ ಆಗುತ್ತದೆ. ವಿವರವಾಗಿ ಉತ್ತರ ಬರೆಯುವ ಎರಡನೇ ಹಂತ, ಮೇನ್ಸ್‌ಗೆ ಮಾತ್ರ ಊರಲ್ಲೇ ಇದ್ದು, ದಿನಕ್ಕೊಂದು ಉತ್ತರ ಬರೆದು, ಅದನ್ನು ಸರ್ಕಾರಿ ಕಚೇರಿಯಲ್ಲಿ ಜೀವಮಾನ ದುಡಿದ ಒಬ್ಬರಿಂದ ತಿದ್ದಿಸಿಕೊಳ್ಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ನಾನು ರಾಜ್ಯಶಾಸ್ತ್ರದಲ್ಲಿ ಎಂಎ. ಈಗ ತಾಲ್ಲೂಕು ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ, ಅಂದರೆ ಎಫ್‌ಡಿಎ. ಕೆಎಎಸ್ ಇನ್ನೂ ಬರೆಯುತ್ತಿದ್ದೇನೆ. ಮನೆಯಲ್ಲಿ ಜಗಳೂರು ಕಡೆಯ ಖುಷ್ಕಿ ಹೊಲ, ಮೆಕ್ಕೆಜೋಳದ ದುಡ್ಡು. ಯಾವುದಕ್ಕೆ ಎಷ್ಟು ಕೊಡಬಹುದು ಅನ್ನುವ ನನ್ನ ಲೆಕ್ಕವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಅನುಕೂಲಸ್ಥರ ಮನೆಯವರಿಗೆ ಈ ಬರಹದ ಅರ್ಧ ಮಾತು ಅನ್ವಯಿಸದೆ ಹೋಗಬಹುದು.

ಮೊದಲು ಬೆಂಗಳೂರಿನ ವಿಜಯನಗರ. ಅತ್ತಿಗುಪ್ಪೆ ಮೆಟ್ರೊ ಇಳಿದರೆ ಚಂದ್ರಾ ಲೇಔಟ್‌ವರೆಗೂ ಕೋಚಿಂಗ್ ಬೋರ್ಡು, ಪಿಜಿ, ಜೆರಾಕ್ಸ್ ಅಂಗಡಿ. ಅಲ್ಲಿನ ದೊಡ್ಡ ಲಾಭ ಹುರುಪು. ಬೆಳಗ್ಗೆ ಆರಕ್ಕೇ ರೀಡಿಂಗ್ ರೂಮಿನಲ್ಲಿ ಸೀಟು ಹಿಡಿದು ಕೂತ ನೂರಾರು ಜನರನ್ನು ಕಂಡರೆ ಯಾರಿಗಾದರೂ ಓದುವ ಮನಸ್ಸು ಬರುತ್ತದೆ. ಒಂದಿಬ್ಬರು ಮೇಷ್ಟ್ರು ಸಂವಿಧಾನವನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಪಂಚಾಯಿತಿಗಳಿಗೆ ಸಂಬಂಧಿಸಿದ 73ನೇ ತಿದ್ದುಪಡಿ, 243ರ ಎ, ಜಿ, 11ನೇ ಅನುಸೂಚಿಯ 29 ವಿಷಯ, ಇವೆಲ್ಲ ಮತ್ತೆ ಓದಬೇಕಾಗಿ ಬರಲೇ ಇಲ್ಲ. ಅಷ್ಟಕ್ಕೆ ಅವರಿಗೆ ನಾನು ಋಣಿ.

ಆದರೆ ಅಲ್ಲಿ ಹೆಚ್ಚಿನ ಹೊತ್ತು ಹೋಗುವುದು ನೋಟ್ಸ್ ಬರೆಸುವುದರಲ್ಲಿ. ಹಾಲ್ ತುಂಬ ಜನ, ಮೈಕಿನಲ್ಲಿ ಡಿಕ್ಟೇಷನ್, ಎಲ್ಲರೂ ತಲೆ ತಗ್ಗಿಸಿ ಬರೆಯುವುದು. ಬರೆದ ಉತ್ತರ ತೋರಿಸಲು ಹೋದರೆ ಸಾಲು. ಫೀಸು, ಪಿಜಿ, ಮೆಸ್ಸು, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷದ ಹತ್ತಿರ ಹೋಗುತ್ತದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಉಚಿತ ಪರೀಕ್ಷಾಪೂರ್ವ ತರಬೇತಿಯಲ್ಲಿ ಸೀಟು ಸಿಕ್ಕಿದರೆ ಈ ಲೆಕ್ಕವೇ ಬೇರೆ. ಫೀಸು ಇಲಾಖೆ ಕಟ್ಟುತ್ತದೆ, ಕೈಗೆ ಶಿಷ್ಯವೇತನವೂ ಬರುತ್ತದೆ. ಅಂಥವರು ಎರಡನೇ ಯೋಚನೆ ಮಾಡದೆ ಹೋಗಿ.

ಧಾರವಾಡದ ಸಪ್ತಾಪುರದಲ್ಲೂ ಒಂದು ಬೇಸಿಗೆ ಇದ್ದೆ. ಊಟ, ಬಾಡಿಗೆ ಬೆಂಗಳೂರಿಗಿಂತ ಅಗ್ಗ. ಜೊತೆಗೆ ಓದುವವರು ಒಳ್ಳೆಯವರು. ಪಿಎಸ್‌ಐ, ಪಿಡಿಒ, ಎಫ್‌ಡಿಎಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ.

ಇನ್ನು ಆ್ಯಪ್. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ನಮ್ಮೂರ ಮಕ್ಕಳು ಈಗ ಹೆಚ್ಚಾಗಿ ದುಡ್ಡು ಕಟ್ಟುತ್ತಿರುವುದು ಇದಕ್ಕೇ.

ನಾನು ಕೊಂಡದ್ದು ಮೇನ್ಸ್ ಟೆಸ್ಟ್ ಸರಣಿ. ಕನ್ನಡ ಮಾಧ್ಯಮ ಅಂತ ಸ್ಪಷ್ಟವಾಗಿ ಬರೆದಿದ್ದರು. ವಿಡಿಯೊ ಪಾಠಗಳ ಬಗ್ಗೆ ನನ್ನದೇನೂ ದೂರಿಲ್ಲ. ದೂರಿರುವುದು ಮೌಲ್ಯಮಾಪನದ ಬಗ್ಗೆ. ಕೆಎಎಸ್ ಮೇನ್ಸ್‌ನಲ್ಲಿ ಈಗ ಐಚ್ಛಿಕ ವಿಷಯ ಇಲ್ಲ. ಪ್ರಬಂಧ ಒಂದು, ಸಾಮಾನ್ಯ ಅಧ್ಯಯನ ನಾಲ್ಕು, ತಲಾ 250 ಅಂಕ, ಒಟ್ಟು 1250. ಮೊದಲು ಸಾಹಿತ್ಯವನ್ನೋ ಇತಿಹಾಸವನ್ನೋ ಗಟ್ಟಿ ಮಾಡಿಕೊಂಡು ದಡ ಸೇರುತ್ತಿದ್ದವರಿಗೆ ಆ ಆಸರೆ ತಪ್ಪಿದೆ. ಎಲ್ಲವೂ ನಿಂತಿರುವುದು ಕೈಯಲ್ಲಿ ಬರೆಯುವ ಉತ್ತರದ ಮೇಲೆ. ಹಾಗಾಗಿ ಟೆಸ್ಟ್ ಸರಣಿಯಲ್ಲಿ ನಾವು ದುಡ್ಡು ಕೊಡುವುದು ಪ್ರಶ್ನೆಪತ್ರಿಕೆಗಲ್ಲ, ತಿದ್ದುವ ಕೈಗೆ. ಪ್ರಶ್ನೆಗಳು ಎಲ್ಲಾದರೂ ಸಿಗುತ್ತವೆ.

ಉತ್ತರ ಬರೆದು, ಫೋಟೊ ತೆಗೆದು, ಪಿಡಿಎಫ್ ಮಾಡಿ ಹಾಕುತ್ತಿದ್ದೆ. ವಾರ, ಹತ್ತು ದಿನಕ್ಕೆ ತಿದ್ದಿದ ಪ್ರತಿ ಬರುತ್ತಿತ್ತು. ಕೆಂಪು ಬಣ್ಣದ ಸರಿ ಗುರುತು, ಕೊನೆಯಲ್ಲಿ "ಗುಡ್ ಅಟೆಂಪ್ಟ್. ಇನ್ನಷ್ಟು ಅಂಶ ಸೇರಿಸಿ. ಚಿತ್ರ ಹಾಕಿ. ಉಪಸಂಹಾರ ಉತ್ತಮಪಡಿಸಿ." ಮೊದಲ ಸಲ ಸರಿ ಅನ್ನಿಸಿತು. ಮುಂದಿನ ಉತ್ತರಕ್ಕೂ ಅದೇ ಸಾಲುಗಳು. ಅದರ ಮುಂದಿನದಕ್ಕೂ ಅವೇ. ಬರಗಾಲ ನಿರ್ವಹಣೆಯ ಉತ್ತರಕ್ಕೂ ರಾಜ್ಯಪಾಲರ ಅಧಿಕಾರದ ಉತ್ತರಕ್ಕೂ ಒಂದೇ ಷರಾ ಬಂದರೆ ಏನು ತಿಳಿಯಬೇಕು?

ಅನುಮಾನ ಬಂದು ಪರೀಕ್ಷೆ ಮಾಡಿದೆ. ಸರ್ಕಾರಿ ಸೇವೆಯನ್ನು ನಿಗದಿತ ದಿನಗಳೊಳಗೆ ಕೊಡಬೇಕೆನ್ನುವ ಸಕಾಲ ಯೋಜನೆಯ ಬಗ್ಗೆ ಪ್ರಶ್ನೆ ಇತ್ತು. ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಕಾಯ್ದೆ 2011ರದು, ಸಕಾಲ ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ನಾನು ಬೇಕೆಂದೇ "2005ರ ಸಕಾಲ ಕಾಯ್ದೆ" ಅಂತ ಬರೆದೆ. ಮಾಹಿತಿ ಹಕ್ಕಿನ ಕಾಯ್ದೆಯ ವರ್ಷವನ್ನು ಇದಕ್ಕೆ ಅಂಟಿಸಿದ್ದು. ಎರಡನೇ ಪ್ಯಾರಾದಲ್ಲಿ ಮೇಲ್ಮನವಿಯ ವಿಷಯವನ್ನು ಪೂರ್ತಿ ಬಿಟ್ಟೆ. ವಾಪಸ್ ಬಂದ ಪ್ರತಿಯಲ್ಲಿ 2005ರ ಮೇಲೆಯೇ ಸರಿ ಗುರುತು. ಕೆಳಗೆ ಗುಡ್ ಅಟೆಂಪ್ಟ್, ಚಿತ್ರ ಹಾಕಿ.

ಸಹಾಯವಾಣಿಗೆ ಫೋನ್ ಮಾಡಿದರೆ ಇಮೇಲ್ ಹಾಕಿ ಅಂದರು. ಇಮೇಲ್‌ಗೆ ಬಂದ ಉತ್ತರ ಇಂಗ್ಲಿಷಿನಲ್ಲಿತ್ತು, ಪರಿಣತರಿಂದಲೇ ಮೌಲ್ಯಮಾಪನ ಆಗುತ್ತದೆ ಎಂದಿತ್ತು. ಮರು ಮೌಲ್ಯಮಾಪನ ಕೇಳಿದೆ. ಬರಲಿಲ್ಲ. ಹಣ ವಾಪಸ್ ಕೇಳಿದೆ. ಅವಧಿ ಮುಗಿದಿದೆ ಅಂದರು. ನನಗೆ ಸಿಟ್ಟು ಬಂದದ್ದು ಹೋದ ಹಣಕ್ಕಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಕನ್ನಡದಲ್ಲಿ ಬರೆಯುವ ಹಳ್ಳಿ ಹುಡುಗಿ ಆ ಸರಿ ಗುರುತನ್ನು ನಂಬುತ್ತಾಳೆ. ತಪ್ಪು ವರ್ಷವನ್ನು ಪರೀಕ್ಷೆಯ ಹಾಲ್‌ಗೂ ಹೊತ್ತು ಹೋಗುತ್ತಾಳೆ. ಇಂಗ್ಲಿಷಿನಲ್ಲಿ ಬರೆದು ಕಳಿಸಿದ ನನ್ನ ಗೆಳತಿಯ ಪ್ರತಿಯಲ್ಲಿ ಪ್ರತಿ ಪ್ಯಾರಾದ ಪಕ್ಕ ಏನಾದರೊಂದು ಟಿಪ್ಪಣಿ ಇತ್ತು. ಅದೇ ಸರಣಿ, ಅದೇ ಬೆಲೆ. ಎಲ್ಲ ಆ್ಯಪ್‌ಗಳೂ ಹೀಗೇ ಅಂತ ಹೇಳಲಾರೆ. ಆದರೆ ಕನ್ನಡದಲ್ಲಿ ಬರೆಯುವವರು ದುಡ್ಡು ಕಟ್ಟುವ ಮುಂಚೆ ಕನ್ನಡದಲ್ಲಿ ತಿದ್ದಿದ ಒಂದು ಮಾದರಿ ಪ್ರತಿ ತೋರಿಸಿ ಅಂತ ಕೇಳಲೇಬೇಕು. ತೋರಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ಆ್ಯಪ್‌ನಿಂದ ಒಂದು ಒಳ್ಳೆಯ ಅಭ್ಯಾಸ ಬಂತು: ಕನ್ನಡ ಪಾರಿಭಾಷಿಕ ಪದದ ಜೊತೆ ಇಂಗ್ಲಿಷ್ ಪದವನ್ನೂ ಕಲಿಯುವುದು. 2024ರ ಆಗಸ್ಟ್ 27ರಂದು ನಡೆದ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದದ ತಪ್ಪುಗಳು ದೊಡ್ಡ ವಿವಾದವಾಗಿ, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆದದ್ದು ಎಲ್ಲರಿಗೂ ಗೊತ್ತು. ಕನ್ನಡ ಪ್ರಶ್ನೆ ಗೋಜಲಾಗಿದ್ದರೆ ಪಕ್ಕದ ಇಂಗ್ಲಿಷ್ ಸಾಲು ನೋಡಿ ಅರ್ಥ ಹಿಡಿಯುವಷ್ಟು ಬೇಕೇ ಬೇಕು. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುವ ಪರೀಕ್ಷೆಯಲ್ಲಿ ಇದು ಸಣ್ಣ ಮಾತಲ್ಲ.

ಸಾರ್ವಜನಿಕ ಆಡಳಿತದಲ್ಲೇ ಇನ್ನೊಂದು ಎಂಎ ಮಾಡ್ಲಾ ಅಂತ ಕೇಳುವವರೂ ಇದ್ದಾರೆ. ಯುಪಿಎಸ್‌ಸಿಗೆ ಅದನ್ನೇ ಐಚ್ಛಿಕ ಮಾಡುವವರಿಗೆ ಉಪಯೋಗ ಇದೆ. ಕೆಎಎಸ್‌ಗೆ ಮಾತ್ರ ಅಂದರೆ ಪದವಿ ಬೇಡ, ಪಾಠ ಸಾಕು. ಇಗ್ನೋದ ಸಾರ್ವಜನಿಕ ಆಡಳಿತದ ಪಠ್ಯವೆಲ್ಲ ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತದೆ. ವೀರಪ್ಪ ಮೊಯ್ಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗದ 15 ವರದಿಗಳೂ ಪುಕ್ಕಟೆ. ಆಡಳಿತದಲ್ಲಿ ನೈತಿಕತೆ ಕುರಿತ ನಾಲ್ಕನೆಯ ವರದಿಯನ್ನು ನಿಧಾನವಾಗಿ ಓದಿದ್ದು ನೀತಿಶಾಸ್ತ್ರದ ಪತ್ರಿಕೆಗೆ ಯಾವ ಗೈಡಿಗಿಂತಲೂ ಹೆಚ್ಚು ಕೆಲಸಕ್ಕೆ ಬಂತು.

ಈಗ ನನ್ನ ಮೆಚ್ಚಿನದು. ಹೆಸರು ಹಾಕಲು ಇದು ಸಂಸ್ಥೆಯಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಪರಿಚಯವಾದ ನಾವು ಕೆಲವರು, ನಮ್ಮ ಜೊತೆ ಒಬ್ಬ ನಿವೃತ್ತ ಶಿರಸ್ತೇದಾರ್. ಭಾನುವಾರ ಬೆಳಗ್ಗೆ ವಿದ್ಯಾನಗರದ ಅವರ ಮನೆಯ ಪಡಸಾಲೆಯಲ್ಲಿ ಸೇರುತ್ತೇವೆ. ವಾರವಿಡೀ ಬರೆದ ಉತ್ತರ ಒಯ್ಯುತ್ತೇವೆ. ಅವರು ಓದುವುದು ಪೆನ್ಸಿಲ್ ಹಿಡಿದು, ಕಡತ ನೋಡಿದ ಹಾಗೆ.

ಆ್ಯಪ್‌ನವರು ಸರಿ ಗುರುತು ಹಾಕಿದ ಅದೇ ಸಕಾಲದ ಉತ್ತರವನ್ನು, ವರ್ಷ ತಿದ್ದಿ, ಅವರಿಗೆ ಕೊಟ್ಟೆ. "ನಿಗದಿತ ಅವಧಿಯಲ್ಲಿ ಸೇವೆ ನೀಡದ ಅಧಿಕಾರಿಗಳು ಪರಿಹಾರ ನೀಡಬೇಕಾಗುತ್ತದೆ" ಅಂತ ಒಂದು ವಾಕ್ಯ. ಅದರಲ್ಲಿ "ಅಧಿಕಾರಿಗಳು" ಅನ್ನುವುದಕ್ಕೆ ಸುತ್ತು ಹಾಕಿದರು.

"ಯಾವ ಅಧಿಕಾರಿ ತಾಯಿ? ಹೆಸರಿಲ್ದ ಅಧಿಕಾರಿ ಯಾರ ಕೆಲ್ಸನೂ ಮಾಡಲ್ಲ. ಪದನಾಮ ಬರಿ."

"ಪರಿಹಾರ" ಅನ್ನುವುದಕ್ಕೆ ಇನ್ನೊಂದು ಸುತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ಎಷ್ಟು? ಯಾರ ಕಿಸೆಯಿಂದ? ದಿನಕ್ಕೆ 20 ರೂಪಾಯಿ, ಗರಿಷ್ಠ 500, ತಡ ಮಾಡಿದ ನೌಕರನಿಂದಲೇ ವಸೂಲಿ, ಇಷ್ಟು ಬರೆದಾಗ ವಾಕ್ಯಕ್ಕೆ ಬೆನ್ನೆಲುಬು ಬಂತು. ಆಮೇಲೆ ಅವರು ಯಾವ ಪುಸ್ತಕದಲ್ಲೂ ನಾನು ಕಾಣದ ಮಾತು ಹೇಳಿದರು. ಗಡುವಿನ ಕೊನೇ ದಿನ ಅರ್ಜಿಗೆ ಹಿಂಬರಹ ಕೊಟ್ಟು ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ಸಕಾಲದಲ್ಲಿ ವಿಲೇವಾರಿ. ವಿಲೇವಾರಿ ಆದದ್ದೆಷ್ಟು ಅಂತ ಎಣಿಸಿದರೆ ಸಾಲದು, ಜನರ ಕೆಲಸ ಆದದ್ದೆಷ್ಟು ಅಂತಲೂ ಕೇಳಬೇಕು. ಆ ಒಂದು ಅಂಶ ಸೇರಿಸಿದ ಮೇಲೆ ಉತ್ತರದ ಧಾಟಿಯೇ ಬದಲಾಯಿತು. ಈಗ ನಾನೇ ಕಚೇರಿಯಲ್ಲಿ ಕೂತು ಅರ್ಜಿ ನೋಡುವಾಗ ಅವರ ಮಾತು ಎಷ್ಟು ನಿಜ ಅಂತ ತಿಳಿಯುತ್ತದೆ.

ಅವರು ಹೇಳಿಕೊಟ್ಟ ಇನ್ನೊಂದು ವಿಷಯ ಉತ್ತರದ ಕಟ್ಟು. ಕಚೇರಿ ಟಿಪ್ಪಣಿಯಲ್ಲಿ ಮೊದಲು ವಿಷಯ, ಆಮೇಲೆ ಸಂಗತಿ, ಅದಕ್ಕೆ ಅನ್ವಯಿಸುವ ಕಲಂ ಅಥವಾ ಆದೇಶ, ಕೊನೆಗೆ ಅಭಿಪ್ರಾಯ. ಮೇನ್ಸ್ ಉತ್ತರಕ್ಕೂ ಅದೇ ಕ್ರಮ ಹಿಡಿಯಿರಿ ಅಂದರು. ಅಲ್ಲಿಂದ ಪೀಠಿಕೆಗೆ ನಾಲ್ಕು ಸಾಲು ಸುತ್ತುವುದು ತಪ್ಪಿತು. ಗ್ರಾಮಸಭೆಯ ಪ್ರಶ್ನೆ ಬಂದರೆ 1993ರ ಪಂಚಾಯತ್ ರಾಜ್ ಅಧಿನಿಯಮದ 3ಎ ಪ್ರಕರಣ, ಆರು ತಿಂಗಳಿಗೊಮ್ಮೆಯಾದರೂ ಸಭೆ, ಅಲ್ಲಿಂದಲೇ ಶುರು.

ಉದಾಹರಣೆಗಳನ್ನೂ ಅವರು ನಮ್ಮ ಸುತ್ತಲಿಂದಲೇ ತೆಗೆಸುತ್ತಾರೆ. ಪ್ರಾದೇಶಿಕ ಅಸಮಾನತೆಯ ಪ್ರಬಂಧದಲ್ಲಿ ಎಲ್ಲರೂ ನಂಜುಂಡಪ್ಪ ಸಮಿತಿಯ 2002ರ ವರದಿ, 175ರಲ್ಲಿ 114 ಹಿಂದುಳಿದ ತಾಲ್ಲೂಕು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸವಲತ್ತು ಕೊಡುವ ಸಂವಿಧಾನದ 371ಜೆ ವಿಧಿ ಅಂತ ಬರೆದು ನಿಲ್ಲಿಸಿದ್ದೆವು. ಅವರು ಹರಪನಹಳ್ಳಿಯನ್ನು ತಂದರು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಇತ್ತ ಬಂತು. ಆಮೇಲೆ ಬಳ್ಳಾರಿಗೆ 371ಜೆ ಸವಲತ್ತು ಸಿಕ್ಕಿತು, ಇದಕ್ಕೆ ಸಿಗಲಿಲ್ಲ. ಹೋರಾಟವಾಗಿ 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ. ಜಿಲ್ಲೆಯ ಗೆರೆ ಎಳೆಯುವುದು ಒಂದು ಮನೆಯ ಹುಡುಗನ ಮೀಸಲಾತಿಯನ್ನೂ ಕೆಲಸವನ್ನೂ ಹೇಗೆ ಬದಲಿಸುತ್ತದೆ ಅಂತ ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆಲ್ಲಿದೆ? ಬಸ್ ಹತ್ತಿದರೆ ಹೋಗಿ ಕೇಳಿಕೊಂಡು ಬರಬಹುದು. ನಮ್ಮಲ್ಲಿ ಒಬ್ಬ ಹಾಗೇ ಹೋಗಿ ಕೇಳಿಕೊಂಡೂ ಬಂದ.

ಕೊರತೆ ಇಲ್ಲವೆಂದಲ್ಲ. ಅರ್ಥಶಾಸ್ತ್ರ, ವಿಜ್ಞಾನ ತಂತ್ರಜ್ಞಾನಕ್ಕೆ ಅವರಿಂದ ಸಹಾಯವಾಗದು. ಅದಕ್ಕೆ ನಾನು ಈಗಲೂ ಯೂಟ್ಯೂಬ್ ಪಾಠ ನೋಡುತ್ತೇನೆ. ಗ್ರಂಥಾಲಯದಲ್ಲಿ ಹೊಸ ಆವೃತ್ತಿಯ ಪುಸ್ತಕ ತಡವಾಗಿ ಬರುತ್ತವೆ. ವೇಳಾಪಟ್ಟಿ ಹಾಕಿ ಎಬ್ಬಿಸುವವರು ಯಾರೂ ಇಲ್ಲ. ನಾನು ಬೆಳಗಿನ ಜಾವ ಎದ್ದು ಓದುವವಳು, ಗದ್ದಲದಲ್ಲಿ ತಲೆಗೆ ಹತ್ತುವುದಿಲ್ಲ, ನನಗೆ ಇದು ಒಗ್ಗಿತು. ಯಾರಾದರೂ ಬೆನ್ನು ಹತ್ತಿದರೆ ಮಾತ್ರ ಪುಸ್ತಕ ಹಿಡಿಯುವವರಿಗೆ ವಿಜಯನಗರದ ರೀಡಿಂಗ್ ರೂಮೇ ಸರಿ. ಬುನಾದಿ ಇಲ್ಲದವರು ಆರು ತಿಂಗಳು ಕೋಚಿಂಗ್ ಮಾಡಿ ಊರಿಗೆ ಬಂದು ಬರೆಯಲು ಕೂರುವುದೂ ಒಳ್ಳೆಯದೇ.

ಖರ್ಚಿನ ಮಾತು: ನೋಟ್ ಪುಸ್ತಕ, ಜೆರಾಕ್ಸ್, ತಿಂಗಳಿಗೆರಡು ಮಾಸಿಕ, ಇಷ್ಟೇ. ಶಿರಸ್ತೇದಾರ್ ಸರ್ ಫೀಸು ತೆಗೆದುಕೊಳ್ಳುವುದಿಲ್ಲ. ಉತ್ತರ ಬರೆಯದೆ ಬಂದವರನ್ನು ಒಳಗೆ ಕೂರಿಸಿಕೊಳ್ಳುವುದೂ ಇಲ್ಲ. ನಿಮ್ಮ ಬಡಾವಣೆಯಲ್ಲೂ ತಹಶೀಲ್ದಾರ್, ಬಿಡಿಒ, ಲೆಕ್ಕಪತ್ರ ಅಧಿಕಾರಿ ಆಗಿ ನಿವೃತ್ತರಾದವರು ಯಾರಾದರೂ ಇದ್ದೇ ಇರುತ್ತಾರೆ. ಗೇಟಿನ ಹತ್ತಿರ ನಿಂತು "ಸರ್, ಒಂದು ಉತ್ತರ ನೋಡ್ತೀರಾ?" ಅಂತ ಕೇಳಿ. ಹೋಗುವಾಗ ಬರೆದ ಹಾಳೆ ಕೈಯಲ್ಲಿರಲಿ, ಎಡಕ್ಕೆ ತಿದ್ದಲು ಅಗಲವಾದ ಅಂಚು ಬಿಟ್ಟಿರಿ.