ಕಸ ಅಡಗಿಸೋಕೆ ಮಲ್ಚಿಂಗ್ ಪೇಪರೋ, ಕಬ್ಬಿನ ರವದಿಯೋ?

ಜಮಖಂಡಿ, ಮುಧೋಳ ಕಡೆ ಬೀಳು ಬಿದ್ದ ತುಂಡು ಹೊಲಕ್ಕೆ ಹೊದಿಕೆ ಹಾಕಬೇಕು ಅಂತಿದ್ದರೆ ಸುಲಭವಾಗಿ ಸಿಗೋದು ಎರಡು: ಮಲ್ಚಿಂಗ್ ಪೇಪರ್, ಇಲ್ಲವೇ ಕಬ್ಬಿನ ರವದಿ, ಅಂದರೆ ಕಬ್ಬು ಕಡಿದ ಮೇಲೆ ಉಳಿಯೋ ಒಣ ಎಲೆ. ಯಾವುದೇ ಹಾಕಿ, ಮೊದಲು ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ ಕೀಳಿ. ಬರಿಗೈಯಲ್ಲಿ ಬೇಡ, ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತದೆ.

ಪೇಪರ್ ಅಂದರೆ 25-30 ಮೈಕ್ರಾನ್ ದಪ್ಪದ ತೆಳು ಪ್ಲಾಸ್ಟಿಕ್ ಹಾಳೆ. ಬೆಳಕು ಸಿಗದೆ ಬೀಜದ ಕಸ ಏಳೋದಿಲ್ಲ. ಮೆಣಸಿನಕಾಯಿ, ಟೊಮೆಟೊ ಸಾಲಿಗೆ ಚೆನ್ನ, ಆದರೆ ಕೆಳಗೆ ಡ್ರಿಪ್ ಬೇಕು. ಜೇಕು, ಅಂದರೆ ನೆಲದೊಳಗೆ ಗಡ್ಡೆ ಬಿಡೋ ಹುಲ್ಲಿನಂಥ ಕಸ, ಇದ್ದರೆ ಮಾತ್ರ ಕಷ್ಟ. ಅದರ ಮೊಳಕೆ ಸೂಜಿಯಂತೆ ಪೇಪರ್ ಚುಚ್ಚಿಕೊಂಡು ಮೇಲೆ ಬರುತ್ತದೆ. ಬೆಳೆ ಮುಗಿದ ಮೇಲೆ ಹರಿದ ಚೂರು ಆರಿಸೋ ಕೆಲಸ ಬೇರೆ. ಅದನ್ನು ಅಲ್ಲೇ ಸುಡೋರನ್ನು ಕಂಡರೆ ಸಿಟ್ಟು ಬರುತ್ತದೆ.

ರವದಿಯನ್ನು ಸುಮಾರು ಅರ್ಧ ಅಡಿ ದಪ್ಪ ಹಾಸಬೇಕು, ತೆಳ್ಳಗೆ ಹಾಕಿದರೆ ಸುಮ್ನೆ ದಂಡ. ಕೊಳೆತು ಗೊಬ್ಬರವಾಗುತ್ತದೆ, ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯೋದೂ ಕಡಿಮೆ. ಗೆದ್ದಲು ಬರಬಹುದು, ಗಿಡದ ಬುಡದಿಂದ ಗೇಣು ದೂರ ಇಡಿ. ಕರಿಕೆ ಹುಲ್ಲು ಇದಕ್ಕೂ ಜಗ್ಗೋದಿಲ್ಲ, ಬೇರು ಅಗೆದೇ ತೆಗೆಯಬೇಕು.

ಲಿಂಬೆ, ಮಾವಿನ ಗಿಡಗಳಿದ್ದರೆ ನಾನಂತೂ ರವದಿ ಅಂತೀನಿ. ಒಂದೇ ಹಂಗಾಮಿನ ತರಕಾರಿಗೆ, ಅದರಲ್ಲೂ ಕಸ ತೆಗೆಯೋಕೆ ಆಳು ಸಿಗದಿದ್ದರೆ, ಪೇಪರ್.